ನೆರೆ ಗೆರೆಯೊಳಗೆ ಮನೆ: ಓದುಗರ ಪ್ರಶ್ನೆ, ತಜ್ಞರ ಉತ್ತರ

ನೆರೆ ವಲಯದಲ್ಲಿ ಕಟ್ಟುವ, ವಾಸಿಸುವ ನಿಯಮಗಳು ಬಿಗಿಯಾಗುತ್ತಿದ್ದಂತೆ ಈ ಅಂಕಣಕ್ಕೆ ಬರುವ ಪತ್ರಗಳೂ ಹೆಚ್ಚಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ. ನಿಯಮದ ಅಂಕಿಗಳು ಒಂದೊಂದು ಕಡೆ ಒಂದೊಂದು ಥರ. ನೀರಿನ ಲೆಕ್ಕ ಮಾತ್ರ ಎಲ್ಲ ಕಡೆಯೂ ಅದೇ.

ಪ್ರಶ್ನೆ: ಹೊಸ ನಕ್ಷೆಯಲ್ಲಿ ನಮ್ಮ ಸೈಟು ‘ನೂರು ವರ್ಷದ ನೆರೆ’ ಗೆರೆಯೊಳಗೆ ಬಂದಿದೆ. ಹತ್ತು ವರ್ಷದ ಹಿಂದೆ ದೊಡ್ಡ ನೆರೆ ಬಂದುಹೋಗಿದೆ. ಇನ್ನು ತೊಂಬತ್ತು ವರ್ಷ ನಿಶ್ಚಿಂತೆ ಅಲ್ಲವೇ?

ಅಲ್ಲ. ನದಿಗೆ ಕ್ಯಾಲೆಂಡರ್ ಇಲ್ಲ. ಯಾವುದೇ ಒಂದು ವರ್ಷದಲ್ಲಿ ನೀರು ಆ ಮಟ್ಟ ಮುಟ್ಟುವ ಸಾಧ್ಯತೆ ಶೇ 1 ಎಂಬುದಷ್ಟೇ ಅದರ ಅರ್ಥ. ಹೋದ ವರ್ಷ ಬಂದಿದ್ದರೂ ಈ ವರ್ಷದ ಸಾಧ್ಯತೆ ಮತ್ತೆ ಶೇ 1. ಮನೆ ಸಾಲದ ಅವಧಿ 30 ವರ್ಷ ಎಂದಿಟ್ಟುಕೊಂಡರೆ, ಅಷ್ಟರೊಳಗೆ ಒಮ್ಮೆಯಾದರೂ ಅಂಥ ನೆರೆ ಕಾಣುವ ಸಾಧ್ಯತೆ ಸುಮಾರು ಶೇ 26, ಅಂದರೆ ನಾಲ್ಕರಲ್ಲೊಂದು ಪಾಲು. 50 ವರ್ಷದ ನೆರೆಗೆ ಇದೇ ಲೆಕ್ಕ ಶೇ 45, 25 ವರ್ಷದ ನೆರೆಗೆ ಶೇ 70 ದಾಟುತ್ತದೆ.

ಯಾವ ಕಟ್ಟಡಕ್ಕೆ ಯಾವ ಗೆರೆ ಎಂಬುದನ್ನೂ ನೋಡಿಕೊಳ್ಳಿ. ಭಾರತದ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 2008ರ ಮಾರ್ಗಸೂಚಿಯಲ್ಲಿ ಆಸ್ಪತ್ರೆ, ವಿದ್ಯುತ್ ಮತ್ತು ನೀರು ಪೂರೈಕೆ ಕೇಂದ್ರದಂಥವು 100 ವರ್ಷದ ನೆರೆಮಟ್ಟಕ್ಕಿಂತ ಮೇಲಿರಬೇಕು. ವಸತಿ ಪ್ರದೇಶಕ್ಕೆ 25 ವರ್ಷದ ಮಟ್ಟ, ಜೊತೆಗೆ ಅಪಾಯದ ಜಾಗದಲ್ಲಿ ಕಂಬದ ಮೇಲೆ ಕಟ್ಟಬೇಕೆಂಬ ಷರತ್ತು. ಪದೇ ಪದೇ ಮುಳುಗುವ ಜಾಗ ಉದ್ಯಾನಕ್ಕೆ, ಆಟದ ಮೈದಾನಕ್ಕೆ. ಮನೆಗೆ ಅನುಮತಿ ಸಿಕ್ಕಿತೆಂದರೆ ಮನೆಗೆ ನೀರು ಬರುವುದಿಲ್ಲ ಎಂದಲ್ಲ ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ. 25 ವರ್ಷದ ಗೆರೆ ದಾಟಿ ಕಟ್ಟಿದ ಮನೆಗೆ 100 ವರ್ಷದ ನೆರೆ ನುಗ್ಗಬಹುದು. ಅದಕ್ಕೇ ಅದೇ ಮಾರ್ಗಸೂಚಿ ಒಂದಂತಸ್ತಿನ ಮನೆಯಾದರೆ ಅದರ ಮಾಳಿಗೆ, ಎರಡಂತಸ್ತಾದರೆ ಮೇಲಂತಸ್ತಿನ ನೆಲ 100 ವರ್ಷದ ಮಟ್ಟಕ್ಕಿಂತ ಮೇಲಿರಲಿ, ಜನರೂ ಸಾಮಾನೂ ಅಲ್ಲಿಗೆ ಏರಲು ಅನುಕೂಲವಾಗಲಿ ಎನ್ನುತ್ತದೆ.

ಪ್ರಶ್ನೆ: ನಮ್ಮ ಸೈಟು ನೆರೆಮಟ್ಟಕ್ಕಿಂತ ಒಂದು ಮೀಟರ್ ತಗ್ಗಿನಲ್ಲಿದೆ. ಮಣ್ಣು ತುಂಬಿಸಿ ಎತ್ತರಿಸಿದರೆ ಸಾಕಲ್ಲವೇ? ಅಧಿಕಾರಿಗಳು ಒಪ್ಪುತ್ತಿಲ್ಲ.

ಎರಡು ಕಾರಣಕ್ಕೆ ಒಪ್ಪುವುದಿಲ್ಲ, ಎರಡೂ ನ್ಯಾಯವೇ. 200 ಚದರ ಮೀಟರ್ ಸೈಟಿಗೆ ಒಂದು ಮೀಟರ್ ಮಣ್ಣು ತುಂಬಿದರೆ 200 ಘನ ಮೀಟರ್, ಅಂದರೆ ಎರಡು ಲಕ್ಷ ಲೀಟರ್ ನೀರಿನ ಜಾಗ ಹೋಯಿತು. ಆ ನೀರು ಮಾಯವಾಗದು, ಪಕ್ಕದವರ ಅಂಗಳಕ್ಕೆ ಹೋಗುತ್ತದೆ. ಎರಡನೆಯದು ಇನ್ನೂ ದೊಡ್ಡದು. ನೆರೆ ಬಯಲಿನಲ್ಲಿ ನೀರು ನಿಲ್ಲುವ ಪಟ್ಟಿ ಒಂದು, ನೀರು ರಭಸದಿಂದ ಹರಿದು ಸಾಗುವ ಪಟ್ಟಿ ಇನ್ನೊಂದು. ಹರಿಯುವ ಪಟ್ಟಿಯಲ್ಲಿ ದಿಬ್ಬ ಎಬ್ಬಿಸಿದರೆ ಮೇಲ್ಭಾಗದ ನೀರೆಲ್ಲ ಏರುತ್ತದೆ. ಅಮೆರಿಕದ ನಿಯಮ ಈ ಪಟ್ಟಿಯನ್ನು ಗುರುತಿಸುವುದೇ ಹೀಗೆ: ಪಟ್ಟಿಯ ಹೊರಗೆಲ್ಲ ತುಂಬಿಬಿಟ್ಟರೂ ನೆರೆಮಟ್ಟ ಒಂದು ಅಡಿಗಿಂತ ಹೆಚ್ಚು ಏರದಂತೆ ಎಷ್ಟು ಅಗಲ ಬಿಡಬೇಕೋ ಅಷ್ಟನ್ನು ಕಾಯ್ದಿರಿಸುತ್ತಾರೆ. ಅದರೊಳಗೆ ಕಟ್ಟುವವರು ಮಟ್ಟ ಒಂದಿಷ್ಟೂ ಏರದೆಂದು ಎಂಜಿನಿಯರ್ ಲೆಕ್ಕ ಕೊಟ್ಟು ತೋರಿಸಬೇಕು.

ನಿಮ್ಮದು ನೀರು ನಿಲ್ಲುವ ಪಟ್ಟಿಯಾಗಿದ್ದರೆ ದಾರಿ ಇದೆ. ಹಲವು ಕಡೆ, ತುಂಬಿದಷ್ಟೇ ಘನ ಅಳತೆಯ ಮಣ್ಣನ್ನು ಅದೇ ಬಯಲಿನಲ್ಲಿ, ಅದೇ ಮಟ್ಟದಲ್ಲಿ ಬೇರೆಡೆ ಅಗೆದು ತೆಗೆದರೆ ಅನುಮತಿ ಕೊಡುತ್ತಾರೆ. ಗುಡ್ಡದ ಮೇಲೆ ಹೊಂಡ ತೋಡಿ ಲೆಕ್ಕ ತೋರಿಸಿದರೆ ನಡೆಯುವುದಿಲ್ಲ, ನೆರೆಯ ನೀರು ಅಲ್ಲಿಗೆ ಏರಬೇಕಲ್ಲ!

ತುಂಬಿಸುವ ಕೆಲಸವೂ ಲಾರಿಯಿಂದ ಸುರಿದು ಮಟ್ಟ ಹೊಡೆದಷ್ಟಕ್ಕೆ ಮುಗಿಯದು. 15ರಿಂದ 20 ಸೆಂಟಿಮೀಟರ್ ಪದರ ಹರಡಿ, ಹದವಾಗಿ ನೀರು ಚಿಮುಕಿಸಿ, ಧಮ್ಮಸ್ಸು ಮಾಡಿ ಆಮೇಲೆ ಮುಂದಿನ ಪದರ. ಸಡಿಲ ಮಣ್ಣು ಕುಗ್ಗುವುದರಿಂದ ಲೆಕ್ಕಕ್ಕಿಂತ ಸುಮಾರು ಕಾಲು ಭಾಗ ಹೆಚ್ಚು ತರಿಸಬೇಕು. ಕಟ್ಟಡದ ಅವಶೇಷ, ಬೇರು, ಕಸ ಬೆರೆತ ಮಣ್ಣು ಬೇಡ. ಅದು ಒಳಗೇ ಕೊಳೆತು ಟೊಳ್ಳಾಗುತ್ತದೆ, ಮೊದಲ ನೆರೆಗೇ ನೆಲ ಕುಸಿದು ಗೋಡೆ ಬಿರುಕು ಬಿಡುತ್ತದೆ. ಅಂಚಿನ ಇಳಿಜಾರು ಒಂದು ಮೀಟರ್ ಎತ್ತರಕ್ಕೆ ಎರಡು ಮೀಟರ್ ಅಗಲಕ್ಕಿಂತ ಕಡಿದಾಗದಿರಲಿ. ನೀರು ತಾಗುವ ಬದಿಗೆ ಕಲ್ಲಿನ ಪಿಚಿಂಗ್, ಅಂದರೆ ಒತ್ತಾಗಿ ಜೋಡಿಸಿದ ಕಲ್ಲುಹಾಸು ಬೇಕು.

ನಮ್ಮ ಅಭಿಪ್ರಾಯ ಕೇಳಿದರೆ, ಒಂದು ಮೀಟರ್ ಎತ್ತರಕ್ಕೆ ಮಣ್ಣಿಗಿಂತ ಪಿಲ್ಲರ್ ವಾಸಿ. ನೀರಿಗೆ ಜಾಗ ಉಳಿಯುತ್ತದೆ, ನೆರೆಮನೆಯವರ ಜೊತೆ ಜಗಳವೂ ತಪ್ಪುತ್ತದೆ.

ಪ್ರಶ್ನೆ: ಪಿಲ್ಲರ್ ಮೇಲೆ ಕಟ್ಟುವುದಾದರೆ ಎಷ್ಟು ಎತ್ತರ? ಕೆಳಗಿನ ಜಾಗವನ್ನು ಗೋಡೆ ಕಟ್ಟಿ ಮುಚ್ಚಬಹುದೇ?

ಮೊದಲು ಮಟ್ಟ ಹಿಡಿಯಿರಿ. ನಕ್ಷೆಯಲ್ಲಿರುವುದು ಸಮುದ್ರಮಟ್ಟದಿಂದ ಲೆಕ್ಕ ಹಾಕಿದ ಎತ್ತರ. ರಸ್ತೆಯಿಂದ ಇಷ್ಟಡಿ ಎಂದು ಮೇಸ್ತ್ರಿ ಹೇಳುವುದು ಬೇರೆ ಮಾತು. ಡಾಂಬರು ಬಿದ್ದಂತೆಲ್ಲ ರಸ್ತೆ ಏರುತ್ತದೆ, ಅದನ್ನು ನಂಬಬೇಡಿ. ಎತ್ತರ ಗುರುತಿಸಿಟ್ಟ ಹತ್ತಿರದ ಸರಕಾರಿ ಕಲ್ಲಿನಿಂದ (ಬೆಂಚ್ ಮಾರ್ಕ್) ಸರ್ವೇಯರ್ ಕೈಯಲ್ಲಿ ಮಟ್ಟ ಅಳೆಯುವ ಆಟೊ ಲೆವೆಲ್ ಯಂತ್ರ ಇಡಿಸಿ, ಸೈಟಿನೊಳಗೆ ಅಲುಗಾಡದ ಒಂದು ಕಲ್ಲಿಗೆ ಆ ಮಟ್ಟ ತಂದು ಬಣ್ಣದ ಗುರುತು ಹಾಕಿಸಿ. ಅಲ್ಲಿಂದ ಪಿಲ್ಲರ್‌ಗಳಿಗೆ ಸಾಗಿಸಲು ನೀರು ತುಂಬಿದ ಲೆವೆಲ್ ಟ್ಯೂಬ್ ಸಾಕು, ಆದರೆ ಟ್ಯೂಬಿನಲ್ಲಿ ಒಂದು ಗಾಳಿಗುಳ್ಳೆ ಉಳಿದರೂ ಮಟ್ಟ ತಪ್ಪುತ್ತದೆ.

ನೆರೆಮಟ್ಟದ ಮೇಲೆ ಇನ್ನಷ್ಟು ಎತ್ತರ ಬಿಡಲೇಬೇಕು. ಅಲೆ, ತೇಲಿ ಬರುವ ಕಸ, ಕಟ್ಟಿಕೊಂಡ ಮೋರಿ, ನಕ್ಷೆಯ ಲೆಕ್ಕದಲ್ಲೇ ಇರುವ ಹೆಚ್ಚುಕಡಿಮೆ, ಎಲ್ಲಕ್ಕೂ ಅದೇ ಆಸರೆ. ಭಾರತದ ಮಾರ್ಗಸೂಚಿಯಲ್ಲಿ ಪ್ಲಿಂತ್ (ಮನೆಯ ನೆಲದ ಮಟ್ಟ) ಮುಳುಗಡೆ ಮಟ್ಟಕ್ಕಿಂತ 0.6 ಮೀಟರ್ ಮೇಲೆ. ಅಮೆರಿಕದ ಮಾದರಿ ವಸತಿ ಸಂಹಿತೆಯಲ್ಲಿ 2015ರಿಂದ ಕನಿಷ್ಠ ಒಂದು ಅಡಿ. ನೆಲದಿಂದ 0.9 ಮೀಟರ್ ನೀರು ನಿಲ್ಲುವ ಸೈಟಿಗೆ 0.6 ಸೇರಿಸಿ 1.5 ಮೀಟರ್ ಆಯಿತು. ನಾವಾದರೆ ಅಲ್ಲಿಗೂ ನಿಲ್ಲದೆ, ಕೆಳಗೆ ತಲೆ ಬಾಗಿಸದೆ ಓಡಾಡುವಂತೆ 2.4 ಮೀಟರ್‌ಗೆ ಏರಿಸುತ್ತೇವೆ. ಪಿಲ್ಲರ್ ಹೇಗೂ ಎಬ್ಬಿಸುತ್ತಿದ್ದೀರಿ. ಆದರೆ ಪಿಲ್ಲರ್ ಉದ್ದವಾದಷ್ಟೂ ಭೂಕಂಪಕ್ಕೆ, ಹರಿಯುವ ನೀರಿನ ತಳ್ಳಾಟಕ್ಕೆ ಬಾಗುವುದು ಹೆಚ್ಚು. ಮಧ್ಯದ ಬೀಮ್, ಪಿಲ್ಲರ್ ದಪ್ಪ, ಕಬ್ಬಿಣದ ರಿಂಗುಗಳ ಅಂತರ ಇವನ್ನು ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಹಾಕಲಿ. ಕಡಲಂಚಿನಲ್ಲಿ ಅಲೆ ಹೊಡೆಯುವ ಜಾಗವಾದರೆ ಅಳೆಯಬೇಕಾದ್ದು ನೆಲದ ಮೇಲ್ಮೈಯನ್ನಲ್ಲ, ಅದನ್ನು ಹೊತ್ತ ಬೀಮಿನ ಕೆಳಮೈಯನ್ನು. ಬೀಮಿಗೇ ಅಲೆ ಬಡಿದರೆ ಮೇಲಿನ ನೆಲ ಎತ್ತರದಲ್ಲಿದ್ದು ಏನು ಪ್ರಯೋಜನ?

ಪಾಯದ ಆಳವನ್ನೂ ಮರೆಯಬೇಡಿ. ನೆರೆಯಲ್ಲಿ ಮನೆ ಬೀಳುವುದು ಗೋಡೆ ನೆನೆದು ಮಾತ್ರವಲ್ಲ, ಪಾಯದ ಬುಡದ ಮಣ್ಣು ಕೊಚ್ಚಿಹೋಗಿಯೂ ಬೀಳುತ್ತದೆ. ಹರಿಯುವ ನೀರು ಪಿಲ್ಲರ್ ಸುತ್ತ ಸುಳಿ ಎಬ್ಬಿಸಿ ಹೊಂಡ ತೋಡುತ್ತದೆ. ಕೊರೆತದ ಹೊಂಡ ಎಷ್ಟು ಆಳಕ್ಕೆ ಇಳಿಯಬಹುದೆಂದು ಅಂದಾಜಿಸಿ, ಪಿಲ್ಲರಿನ ತಳಹಾಸು (ಫುಟಿಂಗ್) ಅದಕ್ಕಿಂತ ಕೆಳಗೆ ಕೂರಬೇಕು.

ಇನ್ನು ಕೆಳಗಿನ ಜಾಗ. ವಾಹನ, ಮೆಟ್ಟಿಲು, ತೊಳೆದು ಮತ್ತೆ ಬಳಸುವಂಥ ಸಾಮಾನು ಇಷ್ಟಕ್ಕೆ ಮಾತ್ರ. ಗೋಡೆ ಬೇಕೇ ಬೇಕೆಂದರೆ ನೀರು ತಾನಾಗಿ ಒಳಬಂದು ಹೊರಹೋಗುವ ಕಿಂಡಿ ಇಡಿ. ಅಮೆರಿಕದ ಅಳತೆ ಒಂದು ಚದರಡಿ ನೆಲಕ್ಕೆ ಒಂದು ಚದರಂಗುಲ ಕಿಂಡಿ, ನಮ್ಮ ಲೆಕ್ಕಕ್ಕೆ ಒಂದು ಚದರ ಮೀಟರ್‌ಗೆ ಸುಮಾರು 70 ಚದರ ಸೆಂಟಿಮೀಟರ್. 30 ಚದರ ಮೀಟರ್ ಪಾರ್ಕಿಂಗ್‌ಗೆ 2,100 ಚದರ ಸೆಂಟಿಮೀಟರ್ ಬೇಕು, 20×30 ಸೆಂಟಿಮೀಟರಿನ ನಾಲ್ಕು ಕಿಂಡಿ ಇಟ್ಟರೆ ಆಯಿತು. ಎಲ್ಲವೂ ಒಂದೇ ಗೋಡೆಯಲ್ಲಿ ಬೇಡ, ಕನಿಷ್ಠ ಎರಡು ಗೋಡೆಗೆ ಹಂಚಿ. ಕಿಂಡಿಯ ಕೆಳ ಅಂಚು ನೆಲದಿಂದ 30 ಸೆಂಟಿಮೀಟರ್ ಒಳಗಿರಲಿ. ಇಲಿ ಬರುತ್ತದೆಂದು ಸಣ್ಣ ಕಣ್ಣಿನ ಜಾಲರಿ ಬಡಿಯುವವರುಂಟು. ಮೊದಲ ಹತ್ತು ನಿಮಿಷದಲ್ಲೇ ಎಲೆ, ಪ್ಲಾಸ್ಟಿಕ್ ಸಿಕ್ಕಿಕೊಂಡು ಅದು ಗೋಡೆಯಂತೆಯೇ ಆಗುತ್ತದೆ.

ಅನುಮತಿ ಪತ್ರದಲ್ಲಿ ಪಾರ್ಕಿಂಗ್ ಎಂದು ಬರೆಸಿ, ಎರಡು ವರ್ಷ ಬಿಟ್ಟು ಅದನ್ನೇ ಬಾಡಿಗೆ ಕೋಣೆ ಮಾಡುವುದು ನೆರೆ ವಲಯದ ತೀರಾ ಸಾಮಾನ್ಯ ಉಲ್ಲಂಘನೆ. ದಂಡ ಒಂದು ಕಡೆಯಿರಲಿ, ರಾತ್ರಿ ನೀರು ಬಂದಾಗ ಅಲ್ಲಿ ಮಲಗಿರುವವರೇ ಮೊದಲು ಸಿಕ್ಕಿಬೀಳುತ್ತಾರೆ.

ಪ್ರಶ್ನೆ: ಬಾಗಿಲಿಗೆ ಉಕ್ಕಿನ ಹಲಗೆ ಹಾಕಿ, ಗೋಡೆಗೆಲ್ಲ ವಾಟರ್‌ಪ್ರೂಫ್ ಬಳಿದು ನೀರನ್ನೇ ತಡೆದರೆ?

ಅರ್ಧ ಮೀಟರ್‌ವರೆಗೆ ಸರಿ. ನಿಂತ ನೀರು ಅರ್ಧ ಮೀಟರ್ ಆಳವಿದ್ದರೆ ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 125 ಕಿಲೋ ತಳ್ಳುತ್ತದೆ. ಆಳ ಒಂದು ಮೀಟರ್ ಆದರೆ ತಳ್ಳಾಟ ಎರಡು ಪಟ್ಟಲ್ಲ, ನಾಲ್ಕು ಪಟ್ಟು, ಅಂದರೆ 500 ಕಿಲೋ. ನಾಲ್ಕು ಮೀಟರ್ ಗೋಡೆಯ ಮೇಲೆ ಎರಡು ಟನ್. ಇಟ್ಟಿಗೆ ಗೋಡೆ ಕಟ್ಟಿರುವುದು ಮೇಲಿನ ಭಾರ ಹೊರಲು, ಪಕ್ಕದಿಂದ ನೂಕಿಸಿಕೊಳ್ಳಲು ಅಲ್ಲ. ಆದ್ದರಿಂದ ಹಲಗೆಯ ಎತ್ತರ 60 ಸೆಂಟಿಮೀಟರ್‌ಗೆ ನಿಲ್ಲಲಿ, ನೀರು ಅದನ್ನು ಮೀರಿದರೆ ಒಳಗೆ ಬಿಟ್ಟುಬಿಡಿ. ಒಳಗೂ ಹೊರಗೂ ಸಮವಾದರೆ ಗೋಡೆ ಉಳಿಯುತ್ತದೆ. ನೆಲ ಒರೆಸಿದರಾಯಿತು, ಬಿದ್ದ ಗೋಡೆಯನ್ನು ಹಾಗೆ ಎತ್ತಿ ನಿಲ್ಲಿಸಲಾಗದು.

ಹಲಗೆ ಹಾಕುವವರು ಮರೆಯುವುದು ಬೇರೆ ದಾರಿಗಳನ್ನು: ಕೇಬಲ್ ಬರುವ ತೂತು, ಎ.ಸಿ. ಪೈಪು, ಬಚ್ಚಲಿನ ಜಾಲರಿ, ಕಮೋಡ್. ಬಾಗಿಲು ಭದ್ರ, ಕಕ್ಕಸಿನಿಂದ ಕೊಳಚೆ ಉಕ್ಕಿ ಮನೆ ತುಂಬುವುದು ಅಪರೂಪವಲ್ಲ.

ಪ್ರಶ್ನೆ: ಅದೇ ಕೇಳಬೇಕೆಂದಿದ್ದೆ. ಕಮೋಡ್‌ನಿಂದ ನೀರು ಉಕ್ಕದಂತೆ ಏನು ಮಾಡುವುದು? ಸೆಪ್ಟಿಕ್ ಟ್ಯಾಂಕನ್ನು ಮಳೆಗಾಲಕ್ಕೆ ಮುಂಚೆ ಖಾಲಿ ಮಾಡಿಸಿದರೆ ಸಾಕೇ?

ಒಳಚರಂಡಿಗೆ ಸೇರಿದ ಮನೆಯಾದರೆ ಹೊರಹೋಗುವ ಪೈಪಿಗೆ, ನೀರನ್ನು ಹೊರಕ್ಕೆ ಮಾತ್ರ ಬಿಡುವ ನಾನ್-ರಿಟರ್ನ್ ವಾಲ್ವ್ ಹಾಕಿಸಿ. ಕೈ ಹೋಗುವಷ್ಟು ದೊಡ್ಡ ಚೇಂಬರ್ ಒಳಗೆ ಕೂರಿಸಬೇಕು, ಮಣ್ಣಲ್ಲಿ ಹೂತರೆ ಶುಚಿ ಮಾಡುವವರಿಲ್ಲ. ಬಟ್ಟೆಚೂರು, ಮರಳು, ಜಿಡ್ಡು ಕೂತು ಬಾಯಿ ಅರ್ಧ ತೆರೆದೇ ನಿಲ್ಲುವುದು ಇದರ ಹಳೇ ಕಾಯಿಲೆ. ಆರು ತಿಂಗಳಿಗೊಮ್ಮೆ, ಮಳೆಗಾಲದ ಮುಂಚೆ ತಪ್ಪದೆ, ತೆರೆದು ತೊಳೆದು ವಾಲ್ವ್‌ನ ಒಳ ಮುಚ್ಚಳದ ರಬ್ಬರ್ ನೋಡಿ. ವಾಲ್ವ್ ಮುಚ್ಚಿರುವಾಗ ನಿಮ್ಮ ಮನೆಯ ನೀರೂ ಹೊರಹೋಗದು ಎಂಬುದು ನೆನಪಿರಲಿ. ಫ್ಲಶ್, ಸ್ನಾನ, ಬಟ್ಟೆ ತೊಳೆಯುವ ಯಂತ್ರ ಎಲ್ಲ ಬಂದ್. ಮಾಳಿಗೆಯ ಮಳೆನೀರಿನ ಪೈಪು ಅದೇ ಸಾಲಿಗೆ ಸೇರಿದ್ದರೆ ಬೇರ್ಪಡಿಸಿ, ಇಲ್ಲವಾದರೆ ನಿಮ್ಮದೇ ಮಳೆನೀರು ನಿಮ್ಮದೇ ಬಚ್ಚಲಲ್ಲಿ ಏರುತ್ತದೆ.

ಸೆಪ್ಟಿಕ್ ಟ್ಯಾಂಕಿನ ಹೂಳು ತೆಗೆಸುವುದಾದರೆ ಒಣಗಾಲದಲ್ಲಿ ತೆಗೆಸಿ, ಆಮೇಲೆ ನೀರು ತುಂಬಿಸಿಡಿ. ನೆಲ ನೀರಿನಿಂದ ತೊಯ್ದಿರುವಾಗ ಖಾಲಿ ಟ್ಯಾಂಕ್ ದೋಣಿಯಾಗುತ್ತದೆ. ಹೊರ ಅಳತೆ 2×2×1.5 ಮೀಟರ್ ಇರುವ ಟ್ಯಾಂಕನ್ನು ಸುತ್ತಲಿನ ನೀರು ಆರು ಟನ್ ಬಲದಿಂದ ಮೇಲಕ್ಕೆ ಒತ್ತುತ್ತದೆ. ಪ್ಲಾಸ್ಟಿಕ್ ಟ್ಯಾಂಕ್ ನೆಲ ಬಿರಿದು ಹೊರಬರುತ್ತದೆ, ಕಾಂಕ್ರೀಟಿನದು ಎದ್ದು ಪೈಪು ಮುರಿಯುತ್ತದೆ. ಕುಡಿಯುವ ನೀರಿನ ಸಂಪಿಗೂ ಇದೇ ಮಾತು: ನೆರೆ ಬರುವ ಸೂಚನೆ ಸಿಕ್ಕಾಗ ಅದನ್ನು ತುಂಬಿಸಿ, ಖಾಲಿ ಬಿಡಬೇಡಿ. ಮುಚ್ಚಳ ಮತ್ತು ಗಾಳಿಪೈಪಿನ ಬಾಯಿ ನೆರೆಮಟ್ಟಕ್ಕಿಂತ ಮೇಲಿದ್ದರೆ ಮಾತ್ರ ಆ ನೀರು ಆಮೇಲೆ ಬಳಕೆಗೆ ಬರುತ್ತದೆ.

ಪ್ರಶ್ನೆ: ವೈರಿಂಗ್ ಮತ್ತು ಒಳಗಿನ ಕೆಲಸಕ್ಕೆ ಏನಾದರೂ ವಿಶೇಷ ಎಚ್ಚರ?

ಮೀಟರ್, ಮೇನ್ ಬೋರ್ಡ್, ಇನ್ವರ್ಟರ್ ನೆರೆಮಟ್ಟಕ್ಕಿಂತ ಮೇಲೆ. ವೈರು ಸೂರಿನಿಂದ ಕೆಳಗೆ ಇಳಿದು ಸಾಕೆಟ್ ಮುಟ್ಟಲಿ, ನೆಲದೊಳಗಿಂದ ಮೇಲಕ್ಕೆ ಬಂದರೆ ಕೊಳವೆಯಲ್ಲಿ ನೀರು ತಿಂಗಳಾದರೂ ನಿಲ್ಲುತ್ತದೆ. ಕೆಳಗಿನ ಜಾಗದ ದೀಪ, ಪಂಪುಗಳಿಗೆ ಬೇರೆಯೇ ಸರ್ಕ್ಯೂಟ್ ಮಾಡಿ, ಅದಕ್ಕೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಕಡಿಯುವ ಸ್ವಿಚ್ಚು) ಹಾಕಿ. ಅದೊಂದನ್ನು ಆರಿಸಿದರೆ ಮೇಲಿನ ಮನೆಗೆ ಕರೆಂಟು ಉಳಿಯಬೇಕು. ಮುಳುಗಿದ ಎಂಸಿಬಿ, ಆರ್‌ಸಿಸಿಬಿ, ಸ್ವಿಚ್ಚುಗಳನ್ನು ಒಣಗಿಸಿ ಮತ್ತೆ ಕೂರಿಸುವವರಿದ್ದಾರೆ. ಬೇಡ. ಒಳಗಿನ ಸ್ಪ್ರಿಂಗಿನಲ್ಲಿ ಕೂತ ಕೆಸರು ಕಣ್ಣಿಗೆ ಕಾಣದು, ಬೀಳಬೇಕಾದ ಹೊತ್ತಿಗೆ ಅದು ಬೀಳದು. ಮೋಟಾರನ್ನು ಬಿಚ್ಚಿ ಒಣಗಿಸಿ ಉಳಿಸಿಕೊಳ್ಳಬಹುದು, ಆದರೆ ಕರೆಂಟು ಸೋರುವುದೇ ಎಂದು ಅಳೆಯುವ ಮೆಗ್ಗರ್‌ನಲ್ಲಿ ಕನಿಷ್ಠ ಒಂದು ಮೆಗಾಓಮ್ ತೋರಿಸಿದ ಮೇಲೆಯೇ ಚಾಲೂ ಮಾಡಿ.

ನೆರೆಮಟ್ಟದ ಕೆಳಗೆ ಜಿಪ್ಸಂ ಬೋರ್ಡ್, ಎಂಡಿಎಫ್, ಪಾರ್ಟಿಕಲ್ ಬೋರ್ಡ್, ಮಣ್ಣಿನ ಗಾರೆ ಬೇಡವೇ ಬೇಡ. ಜಿಪ್ಸಂ ನೀರನ್ನು ಬತ್ತಿಯಂತೆ ಮೇಲಕ್ಕೆ ಹೀರುತ್ತದೆ, ಒಂದಡಿ ನೀರು ನಿಂತರೆ ಅದಕ್ಕಿಂತ ಬಹಳ ಮೇಲಿನವರೆಗೂ ಬೂಷ್ಟು ಹಿಡಿಯುತ್ತದೆ. ಸಿಮೆಂಟ್ ಗಾರೆ, ಟೈಲು, ಕಲ್ಲು, ಯುಪಿವಿಸಿ ಅಥವಾ ಲೋಹದ ಚೌಕಟ್ಟು ಸರಿ. ಅಡುಗೆಮನೆಯ ಕೆಳ ಕಪಾಟುಗಳನ್ನು ಗೋಡೆಗೆ ಅಂಟಿಸದೆ ಕಾಲಿನ ಮೇಲೆ ನಿಲ್ಲಿಸಿದರೆ ಹಿಂದಿನ ಗೋಡೆ ತೊಳೆಯಲು ಬರುತ್ತದೆ. ಖಾಲಿ ಗ್ಯಾಸ್ ಸಿಲಿಂಡರ್ ತೇಲುತ್ತದೆ, ಹೋಗುವ ಮುಂಚೆ ವಾಲ್ವ್ ಮುಚ್ಚಿ ಕಟ್ಟಿಹಾಕಿ.

ಪ್ರಶ್ನೆ: ನಮ್ಮದು ಹಳೇ ಮನೆ. ಹೊಸ ನಿಯಮ ನಮಗೂ ಅನ್ವಯಿಸುತ್ತದೆಯೇ? ವಿಮೆ ಸಿಗುತ್ತದೆಯೇ?

ಸುಮ್ಮನೆ ವಾಸಿಸುತ್ತಿರುವವರೆಗೆ ಸಾಮಾನ್ಯವಾಗಿ ಅನ್ವಯಿಸದು. ದೊಡ್ಡ ದುರಸ್ತಿಗೆ ಅಥವಾ ಕೋಣೆ ಸೇರಿಸಲು ಅರ್ಜಿ ಹಾಕಿದಾಗ ನಿಯಮ ಮೈಮೇಲೆ ಬರುತ್ತದೆ. ಅಮೆರಿಕದಲ್ಲಿ ಇದಕ್ಕೆ ಸ್ಪಷ್ಟ ಗೆರೆ ಇದೆ: ಕೆಲಸದ ವೆಚ್ಚ ಕಟ್ಟಡದ ಮಾರುಕಟ್ಟೆ ಬೆಲೆಯ ಅರ್ಧ ಮುಟ್ಟಿದರೆ ಇಡೀ ಕಟ್ಟಡ ಇಂದಿನ ಮಟ್ಟಕ್ಕೆ ಏರಬೇಕು. ನೆರೆಯಿಂದ ಹಾಳಾದದ್ದನ್ನು ಸರಿಪಡಿಸುವುದಕ್ಕೂ ಇದೇ ಅಳತೆ. ಇಲ್ಲಿ ಎಡವುವುದು ಎರಡು ಕಡೆ. ಬೆಲೆ ಎಂದರೆ ಕಟ್ಟಡದ್ದು ಮಾತ್ರ, ಜಾಗದ್ದು ಸೇರುವುದಿಲ್ಲ. ವೆಚ್ಚ ಎಂದರೆ ಪೂರ್ತಿ ಕೂಲಿ, ಸಾಮಾನಿನ ಮಾರುಕಟ್ಟೆ ದರ. ನಾವೇ ಕೆಲಸ ಮಾಡಿಕೊಂಡೆವು, ಮರ ನಮ್ಮದೇ ಎಂದರೂ ಲೆಕ್ಕದಿಂದ ಕಳೆಯುವುದಿಲ್ಲ. ನಿಮ್ಮ ಕಡೆಯ ನಿಯಮದಲ್ಲಿ ಇಂಥ ಗೆರೆ ಎಲ್ಲಿದೆ ಎಂದು ಅರ್ಜಿಗೆ ಮೊದಲೇ ಲಿಖಿತವಾಗಿ ಕೇಳಿ ತಿಳಿಯಿರಿ.

ವಿಮೆಯಲ್ಲಿ ದಿನಾಂಕವೇ ಮುಖ್ಯ. ನೆರೆ ಅಪಾಯದ ಮನೆಗಳಿಗೂ ಕೈಗೆಟಕುವ ವಿಮೆ ಸಿಗಲೆಂದು ಮಾಡಿದ ಬ್ರಿಟನ್ನಿನ ಫ್ಲಡ್ ರೀ ಯೋಜನೆ 2009ರ ಜನವರಿ 1ರಿಂದೀಚೆಗೆ ಕಟ್ಟಿದ ಮನೆಗಳನ್ನು ಹೊರಗಿಟ್ಟಿದೆ, ನೆರೆಬಯಲಿನಲ್ಲಿ ಹೊಸದಾಗಿ ಕಟ್ಟಲು ಅದೇ ಪ್ರೋತ್ಸಾಹವಾಗಬಾರದೆಂದು. ಅಮೆರಿಕದ ರಾಷ್ಟ್ರೀಯ ನೆರೆ ವಿಮೆ ಸಾಮಾನ್ಯವಾಗಿ ಕೊಂಡ 30 ದಿನದ ಮೇಲೆ ಜಾರಿಗೆ ಬರುತ್ತದೆ. ಮೋಡ ಕವಿದ ಮೇಲೆ ವಿಮೆ ಕೊಳ್ಳಲು ಓಡಿದರೆ ಆಗದು.

ಪ್ರಶ್ನೆ: ನೀರು ಇಳಿದ ಮೇಲೆ ಮೊದಲು ಏನು ಮಾಡಬೇಕು? ನೆಲಮಾಳಿಗೆ ತುಂಬಿದೆ, ಬಾವಿಯೂ ಮುಳುಗಿತ್ತು.

ದೊಡ್ಡ ಪಂಪ್ ತಂದು ನೆಲಮಾಳಿಗೆಯನ್ನು ಒಂದೇ ದಿನದಲ್ಲಿ ಬರಿದು ಮಾಡಬೇಡಿ. ಹೊರಗಿನ ಮಣ್ಣು ಇನ್ನೂ ನೀರಿನಿಂದ ತುಂಬಿರುತ್ತದೆ, ಒಳಗಿನ ನೀರು ಹೋದರೆ ಗೋಡೆಯನ್ನು ತಡೆದು ಹಿಡಿಯುವವರಿಲ್ಲ, ಒಳಕ್ಕೆ ಕುಸಿಯುತ್ತದೆ. ದಿನಕ್ಕೆ ಮೂರನೇ ಒಂದು ಭಾಗದಂತೆ ತೆಗೆಯಿರಿ. ರಾತ್ರಿ ಗುರುತು ಹಾಕಿಟ್ಟ ಮಟ್ಟ ಬೆಳಿಗ್ಗೆಗೆ ಮತ್ತೆ ಏರಿದ್ದರೆ ಹೊರಗಿನ ನೀರು ಇನ್ನೂ ಇಳಿದಿಲ್ಲವೆಂದೇ ಅರ್ಥ, ನಿಲ್ಲಿಸಿ ಕಾಯಿರಿ. ಡೀಸೆಲ್, ಪೆಟ್ರೋಲ್ ಪಂಪನ್ನು ಒಳಗಿಟ್ಟು ಓಡಿಸಬೇಡಿ. ಹೊಗೆಯ ಕಾರ್ಬನ್ ಮಾನಾಕ್ಸೈಡ್ ವಾಸನೆಯೂ ಇಲ್ಲದೆ ಕೊಲ್ಲುತ್ತದೆ.

ಬಾವಿಯ ನೀರನ್ನು ಮೊದಲು ಪೂರ್ತಿ ಹೊಡೆದು ಹೂಳು ತೆಗೆಸಿ, ಒರತೆ ತುಂಬಲು ಬಿಡಿ. ಆಮೇಲೆ ಲೆಕ್ಕ: ಎರಡು ಮೀಟರ್ ಅಗಲದ ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ ಸುಮಾರು 12,500 ಲೀಟರ್. ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಬೇಕೆಂದರೆ ಶೇ 33ರ ಬ್ಲೀಚಿಂಗ್ ಪೌಡರ್ ಸುಮಾರು 1.9 ಕಿಲೋ. ಹಳೆಯ, ಬಾಯಿ ತೆರೆದಿಟ್ಟ ಪೊಟ್ಟಣದಲ್ಲಿ ಕ್ಲೋರಿನ್ ಆರಿಹೋಗಿರುತ್ತದೆ, ಹೊಸದನ್ನೇ ತನ್ನಿ. ಪುಡಿಯನ್ನು ನೇರ ಸುರಿಯದೆ ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಕಲಸಿ, ತುಂಬ ನೀರು ಸೇರಿಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಬಾವಿಗೆ ಬಿಟ್ಟು ಕೊಡದಿಂದ ಕಲಕಿ. 12 ಗಂಟೆ ಬಿಟ್ಟು, ಕ್ಲೋರಿನ್ ವಾಸನೆ ಹೋಗುವವರೆಗೆ ನೀರು ಹೊಡೆದುಹಾಕಿ. ಕೋಲಿಫಾರ್ಮ್ ಬ್ಯಾಕ್ಟೀರಿಯಾ ಪರೀಕ್ಷೆ ಸರಿಯಿದೆ ಎಂದು ಬರುವವರೆಗೂ ಕುಡಿಯುವ ನೀರನ್ನು ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿ. ನೀರಿನ ಮೇಲೆ ಎಣ್ಣೆಯ ಪದರ ಕಂಡರೆ, ಕೀಟನಾಶಕದ ಗೋದಾಮು ಹತ್ತಿರದಲ್ಲಿದ್ದರೆ ಕ್ಲೋರಿನ್ ಆಗಲಿ ಕುದಿಸುವುದಾಗಲಿ ಪ್ರಯೋಜನಕ್ಕಿಲ್ಲ, ಆ ಬಾವಿಯನ್ನು ಪರೀಕ್ಷೆಯಾಗುವವರೆಗೆ ಮುಚ್ಚಿಡಿ.

ಪ್ರಶ್ನೆ: ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಲ್ಲಿ ಇದ್ದೇವೆ. ನಮಗೆ ಇದ್ಯಾವುದೂ ಬೇಕಿಲ್ಲ ತಾನೆ?

ಜನರೇಟರ್, ಟ್ರಾನ್ಸ್‌ಫಾರ್ಮರ್, ನೀರಿನ ಪಂಪ್ ಎಲ್ಲಿವೆ ಎಂದು ಇಳಿದು ನೋಡಿ. ಬೇಸ್‌ಮೆಂಟಿನಲ್ಲಿದ್ದರೆ ನಾಲ್ಕನೇ ಮಹಡಿಗೂ ನೀರು, ಬೆಳಕು, ಲಿಫ್ಟ್ ಒಟ್ಟಿಗೇ ನಿಲ್ಲುತ್ತವೆ. ಸಂಘದ ಸಭೆಯಲ್ಲಿ ಮೊದಲು ಕೇಳಬೇಕಾದ್ದು ಅವುಗಳನ್ನು ಮೇಲೆ ತರುವ ಖರ್ಚು. ಎರಡನೆಯದು ಬೇಸ್‌ಮೆಂಟ್ ಇಳಿಜಾರಿನ ಬಾಯಲ್ಲಿ ರಸ್ತೆಗಿಂತ ಎತ್ತರದ ಒಂದು ದಿಣ್ಣೆ. ಲಿಫ್ಟಿಗೆ, ಗುಂಡಿಯಲ್ಲಿ ನೀರು ಕಂಡಾಗ ಕೆಳಗಿಳಿಯದೆ ಮೇಲಿನ ಮಹಡಿಯಲ್ಲೇ ನಿಲ್ಲಿಸುವ ಫ್ಲೋಟ್ ಸ್ವಿಚ್ ಇದೆಯೇ ಎಂದು ಲಿಫ್ಟ್ ನಿರ್ವಹಣೆಯವರನ್ನು ಕೇಳಿ. ಬೇಸ್‌ಮೆಂಟಿಗೆ ನೀರು ನುಗ್ಗುತ್ತಿರುವಾಗ ಕಾರು ತರಲು ಯಾರೂ ಅಲ್ಲಿಗೆ ಇಳಿಯಕೂಡದು. 30 ಸೆಂಟಿಮೀಟರ್ ನೀರಿನಲ್ಲೇ ಹಲವು ಕಾರು ತೇಲತೊಡಗುತ್ತವೆ, ಬಾಗಿಲಿಗೆ ಹೊರಗಿನಿಂದ ನೀರು ಒತ್ತಿದರೆ ಒಳಗಿನಿಂದ ತೆರೆಯಲಾಗದು.